ಊಟದ ಚಮಚಕ್ಕೆ ತಲೆಬೇಟೆಯ ಹಣೆಪಟ್ಟಿ ಯಾಕೆ?

ಈಗಷ್ಟೇ ಹರಾಜಿನ ಜಾಲತಾಣವೊಂದರಲ್ಲಿ ಫಿಲಿಪ್ಪೀನ್ಸಿನ ಗುಡ್ಡಗಾಡಿನ ಇಫುಗಾವೋ ಜನರ ಹಳೆಯ ಮರದ ಚಮಚ ನೋಡಿದೆ. ಹಿಡಿಯ ತುದಿಯಲ್ಲಿ ಮೊಣಕಾಲ ಮೇಲೆ ಕೈ ಕಟ್ಟಿ ಕೂತ ಪುಟ್ಟ ಮನುಷ್ಯ. ಹಿಡಿದು ಹಿಡಿದು ಅವನ ಮೂಗು ಸವೆದಿದೆ, ಬೆನ್ನು ಮಿರಿಮಿರಿ ಅನ್ನುತ್ತಿದೆ. ಎಷ್ಟು ಚೆಂದ! ಕೆಳಗೆ ಬರೆದದ್ದು ಓದಿ ಮೈ ಉರಿಯಿತು: ತಲೆಬೇಟೆಗಾರ, ಅಂದರೆ ಮನುಷ್ಯರ ತಲೆ ಕಡಿಯುವ, ಬುಡಕಟ್ಟಿನ ಚಮಚವಂತೆ.

ಉಣ್ಣುವ ವಸ್ತು ರೀ ಅದು!

ನಾನು ಬಡಗಿಯ ಮಗಳು, ನಿಮಗೆ ಗೊತ್ತೇ ಇದೆ. ಒಂದೇ ತುಂಡು ಮರದಲ್ಲಿ ಚಮಚದ ಗುಂಡಿಯನ್ನೂ ಬಿಡಿಸಿ ಮೂರ್ತಿಯನ್ನೂ ಬಿಡಿಸುವುದು ಹುಡುಗಾಟವಲ್ಲ. ಆ ಮನುಷ್ಯನ ಕಾಲಸಂದಿಯಲ್ಲಿ ಉಳಿ ಒಂಚೂರು ಜಾರಿದರೆ ಅಷ್ಟೂ ಕೆಲಸ ಹಾಳು. ಇದರ ಬಗ್ಗೆ ಅಲ್ಲಿ ಒಂದಕ್ಷರ ಇಲ್ಲ.

ಲುಝಾನ್ ದ್ವೀಪದ ಉತ್ತರದಲ್ಲಿ ಬೆಟ್ಟದ ಇಳಿಜಾರನ್ನೇ ಮೆಟ್ಟಿಲು ಗದ್ದೆ ಮಾಡಿ ಭತ್ತ ಬೆಳೆದವರು ಈ ಇಫುಗಾವೋ ಜನ. 1995ರಲ್ಲಿ ಆ ಗದ್ದೆಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಇವರ ಕಣಜ ಕಾಯುವುದು ಬುಲುಲ್ ಎಂಬ ಮರದ ಮೂರ್ತಿ. ಅದಕ್ಕೆ ಅಕ್ಕಿಯ ಹೆಂಡ, ಬಲಿಯ ರಕ್ತದ ಅರ್ಪಣೆ. ಚಮಚದ ಹಿಡಿಯ ಮೇಲಿನವನು ಕೂತಿರುವುದೂ ಎಷ್ಟೋ ಬುಲುಲ್‌ಗಳು ಕೂರುವ ಹಾಗೆಯೇ. ಭತ್ತ, ಕಣಜ, ಊಟ ಎಲ್ಲ ಒಂದೇ ಚಮಚದಲ್ಲಿದೆ. ಮಾರುವವರಿಗೆ ಕಂಡದ್ದು ಕಡಿದ ತಲೆ ಮಾತ್ರ.

ಲುಝಾನಿನ ಇನ್ನೊಂದು ಗುಡ್ಡಗಾಡು ಜನ ಇಲೊಂಗೋಟರ ಪಾಡೂ ಇದೇ. ಶಿಕಾಗೋದ ಫೀಲ್ಡ್ ಮ್ಯೂಸಿಯಂ ಕಳಿಸಿದ್ದ ಮಾನವಶಾಸ್ತ್ರಜ್ಞ ವಿಲಿಯಂ ಜೋನ್ಸ್ 1909ರಲ್ಲಿ ಅವರ ಕೈಯಲ್ಲಿ ಸತ್ತರು. ಇಲೊಂಗೋಟರ ಬಗ್ಗೆ ಏನೇ ಹುಡುಕಲು ಹೋಗಿ, ಆ ಕೊಲೆಯೇ ಎದುರಿಗೆ ಬಂದು ನಿಲ್ಲುತ್ತದೆ.

ತಲೆಬೇಟೆ ಸುಳ್ಳಾ ಅಂತ ಕೇಳಬಹುದು. ಸುಳ್ಳಲ್ಲ. ಸಾವಿನ ದುಃಖದಿಂದ ಏಳುವ ಕ್ರೋಧವೇ ತಲೆ ಕಡಿಯಲು ದೂಡುತ್ತಿತ್ತು ಎಂದು ಇಲೊಂಗೋಟರೇ ರೆನಾಟೊ ರೊಸಾಲ್ಡೊಗೆ ಹೇಳಿದ್ದರು. ಆ ಮಾನವಶಾಸ್ತ್ರಜ್ಞನಿಗೆ ಅದು ತಲೆಗೆ ಹೋಗಿರಲಿಲ್ಲ. 1981ರಲ್ಲಿ ಇಫುಗಾವೋ ಸೀಮೆಯಲ್ಲೇ ಹೆಂಡತಿ ಮಿಶೆಲ್ ಕಮರಿಗೆ ಬಿದ್ದು ತೀರಿಕೊಂಡಾಗ ಆ ಕ್ರೋಧ ಏನೆಂದು ಅವರಿಗೆ ಗೊತ್ತಾಯಿತು. ಹೇಳುವುದಾದರೆ ಇದನ್ನೆಲ್ಲ ಹೇಳಿ, ಪೂರ್ತಿ ಹೇಳಿ. ಚಮಚದ ರೇಟು ಏರಿಸಲು ಒಂದು ಪದ ಹೆಕ್ಕಿ ಅಂಟಿಸಬೇಡಿ.

ಅದು ಯಾವ ಹಳ್ಳಿಯದು, ಯಾವ ಮರದ್ದು, ಯಾರ ಮನೆಯಿಂದ ಬಂತು ಅಂತ ಮಾರುವವರಿಗೆ ಬರೆದು ಕೇಳಿದ್ದೇನೆ. ಉತ್ತರ ಬರದಿದ್ದರೆ ಮತ್ತೆ ಕೇಳುತ್ತೇನೆ.