ಛಾವಣಿಯ ಮೇಲೊಬ್ಬ ವಿದೇಶ ಪ್ರತಿನಿಧಿ

ಟಿ.ವಿ. ವಾಹಿನಿಯೊಂದು ತನ್ನ ವಿದೇಶ ಪ್ರತಿನಿಧಿಯನ್ನು ಸಾವಿರಾರು ಕಿಲೋಮೀಟರ್ ದೂರಕ್ಕೆ ಕಳುಹಿಸುವುದು, ಅಲ್ಲಿ ನಡೆಯುತ್ತಿರುವುದನ್ನು ಆತ ಕಣ್ಣಾರೆ ಕಂಡು ಹೇಳಲಿ ಎಂದು. ಆದರೆ ಇಪ್ಪತ್ನಾಲ್ಕು ಗಂಟೆಯ ಸುದ್ದಿ ವಾಹಿನಿಗಳು ಬಂದ ಮೇಲೆ ಆತ ಗಂಟೆಗೊಮ್ಮೆ, ಬಿಸಿ ಸುದ್ದಿಯಿದ್ದರೆ ಅರ್ಧ ಗಂಟೆಗೊಮ್ಮೆ, ನೇರ ಪ್ರಸಾರದಲ್ಲಿ ಕಾಣಿಸಿಕೊಳ್ಳಬೇಕಾದ್ದರಿಂದ, ಉಪಗ್ರಹದ ಡಿಶ್ ನೆಟ್ಟಿರುವ ಹೋಟೆಲಿನ ಛಾವಣಿಯನ್ನು ಬಿಟ್ಟು ಕದಲುವಂತಿಲ್ಲ. ಕೆಳಗಿನ ಬೀದಿಯಲ್ಲಿ ಏನಾಗುತ್ತಿದೆಯೆಂಬುದನ್ನು ಕೇಂದ್ರ ಕಚೇರಿಯ ಸುದ್ದಿ ಡೆಸ್ಕಿನವರು ಸುದ್ದಿಸಂಸ್ಥೆಗಳ ವರದಿಯಿಂದ ಓದಿ ಆತನ ಕಿವಿಗೆ ಹಾಕುತ್ತಾರೆ. ಆತ ಅದನ್ನೇ ಗಂಭೀರ ಮುಖಮುದ್ರೆಯಿಂದ ಅವರಿಗೆ ಹಿಂದಿರುಗಿಸುತ್ತಾನೆ. ಅವರು ಅದನ್ನು ‘ಸ್ಥಳದಿಂದಲೇ ಬಂದ ಮಾಹಿತಿ’ ಎಂದು ನೋಡುಗರಿಗೆ ದಾಟಿಸುತ್ತಾರೆ. ನನ್ನ ವೃತ್ತಿಜೀವನದ ಬಹುಭಾಗ ಇಂಥ ಛಾವಣಿಗಳ ಮೇಲೆ ಕಳೆದಿದೆ. ಬಹಳ ದೇಶಗಳನ್ನು ನೋಡಿದ್ದೀರಂತೆ ಎಂದು ಯಾರಾದರೂ ಕೇಳಿದರೆ ಹೌದೆನ್ನುತ್ತೇನೆ. ಮೇಲಿನಿಂದ ನೋಡಿದ್ದು ಎಂಬ ವಿವರಣೆಯನ್ನು ಅವರಾಗಿ ಕೇಳದ ಹೊರತು ಕೊಡುವುದಿಲ್ಲ.

ನಿರೂಪಕರು ಪ್ರಶ್ನೆ ಮುಗಿಸಿದ ಮೇಲೂ ನಾವು ಕಿವಿಯ ಮೇಲೆ ಬೆರಳಿಟ್ಟು ಸುಮ್ಮನೆ ತಲೆಯಾಡಿಸುತ್ತಿರುವುದನ್ನು ನೋಡುಗರು ಗಮನಿಸಿರುತ್ತಾರೆ. ಅದು ಚಿಂತನೆಯಲ್ಲ, ಭೌತಶಾಸ್ತ್ರ. ಭೂಸ್ಥಿರ ಉಪಗ್ರಹ ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಪ್ರಶ್ನೆ ಅಲ್ಲಿಗೆ ಹತ್ತಿ ಇಳಿಯಲು ಕಾಲು ಸೆಕೆಂಡು, ಉತ್ತರ ಹತ್ತಿ ಇಳಿಯಲು ಇನ್ನೊಂದು ಕಾಲು ಸೆಕೆಂಡು ಬೇಕು. ಜೊತೆಗೆ ಚಿತ್ರವನ್ನು ಕುಗ್ಗಿಸಿ ಮತ್ತೆ ಹಿಗ್ಗಿಸುವ ಯಂತ್ರಗಳು ತಮ್ಮ ಪಾಲಿನ ತಡವನ್ನೂ ಸೇರಿಸುತ್ತವೆ. ಈ ಮೌನದಿಂದ ಕಂಗೆಡುವ ಹೊಸ ನಿರೂಪಕರು, ನಮಗೆ ಕೇಳಿಸಲಿಲ್ಲವೆಂದು ಭಾವಿಸಿ ಪ್ರಶ್ನೆಯನ್ನು ಪುನಃ ಕೇಳುತ್ತಾರೆ. ಅದು ನಮ್ಮ ಕಿವಿ ತಲುಪುವಾಗ ನಾವು ಉತ್ತರವನ್ನು ಆರಂಭಿಸಿರುತ್ತೇವೆ. ನಾವು ನಿಲ್ಲಿಸುತ್ತೇವೆ, ಅವರೂ ನಿಲ್ಲಿಸುತ್ತಾರೆ. ಆಮೇಲೆ ಇಕ್ಕಟ್ಟಿನ ಓಣಿಯಲ್ಲಿ ಎದುರಾದ ಇಬ್ಬರು ಮರ್ಯಾದಸ್ಥರು ಒಂದೇ ಬದಿಗೆ ಸರಿಸರಿದು ದಾರಿ ಬಿಡುವಂತೆ, ‘ಹೇಳಿ, ಹೇಳಿ’ ಎನ್ನುವುದರಲ್ಲೇ ನಮಗೆ ಕೊಟ್ಟಿದ್ದ ಒಂದೂವರೆ ನಿಮಿಷ ತೀರಿಹೋಗುತ್ತದೆ.

ಇದಕ್ಕಿಂತ ಘೋರವಾದದ್ದು ನಮ್ಮದೇ ಧ್ವನಿ ನಮ್ಮ ಕಿವಿಗೆ ಮರಳಿ ಬರುವುದು. ನಮಗೆ ಕಳುಹಿಸುವ ಧ್ವನಿಯಿಂದ ನಮ್ಮ ಮಾತನ್ನು ಸ್ಟುಡಿಯೋದವರು ತೆಗೆದುಹಾಕಬೇಕು. ಅವರು ಅದನ್ನು ಮರೆತರೆ, ಆಡಿದ ಪ್ರತಿಯೊಂದು ಮಾತೂ ಅರ್ಧ ಸೆಕೆಂಡು ತಡವಾಗಿ ಕಿವಿಯೊಳಗೆ ಮೊಳಗಿ, ಎಂಥ ವಾಗ್ಮಿಯ ನಾಲಿಗೆಯಾದರೂ ಎಳೆದೆಳೆದು ತೊದಲತೊಡಗುತ್ತದೆ. ನಾನು ಇದೇ ಸ್ಥಿತಿಯಲ್ಲಿ ಒಂದು ಶಾಂತಿ ಮಾತುಕತೆಯ ಫಲಶ್ರುತಿಯನ್ನು ವಿವರಿಸಿದ್ದೆ. ಪಾನಮತ್ತರಾಗಿ ವರದಿ ಮಾಡುವವರನ್ನು ವಾಹಿನಿ ಏಕೆ ಪೋಷಿಸುತ್ತಿದೆ ಎಂದು ನೋಡುಗರೊಬ್ಬರು ಪತ್ರ ಬರೆದರು. ಇನ್ನೊಮ್ಮೆ, ಭೂಕಂಪದಲ್ಲಿ ಮನೆ ಕಳೆದುಕೊಂಡವರ ಬಗ್ಗೆ ಮಾತನಾಡುತ್ತಿದ್ದಾಗ, ನಿಯಂತ್ರಣ ಕೊಠಡಿಯವರು ನನ್ನ ಕಿವಿಗೆ ಮಾತು ಕಳುಹಿಸಲು ಒತ್ತಿದ ಗುಂಡಿಯನ್ನು ಬಿಡಲು ಮರೆತಿದ್ದರಿಂದ, ನನ್ನ ತಲೆಗೂದಲು ಈಚೆಗೆ ಎಷ್ಟು ಹಿಂದೆ ಸರಿದಿದೆ ಎಂಬುದರ ಕುರಿತು ಅಲ್ಲಿ ನಡೆದಿದ್ದ ಸವಿವರ ಚರ್ಚೆ ಪೂರ್ತಿಯಾಗಿ ಕೇಳಿಸಿತು. ಆ ದಿನ ನನ್ನ ಮುಖದಲ್ಲಿದ್ದ ವಿಷಾದವನ್ನು ಮೇಲಧಿಕಾರಿಗಳು ಮೆಚ್ಚಿಕೊಂಡರು.

ಹಿಂದಿನವರು ಪುಣ್ಯವಂತರು. ವಿಯೆಟ್ನಾಂ ಯುದ್ಧದ ಆರಂಭದ ವರ್ಷಗಳಲ್ಲಿ ವರದಿಗಾರರು ಫಿಲ್ಮಿನ ಡಬ್ಬಿಯನ್ನು ವಿಮಾನಕ್ಕೆ ಹಾಕಿ, ಅದು ಸಾಗರ ದಾಟಿ, ಸಂಸ್ಕರಣೆಗೊಂಡು ಪ್ರಸಾರವಾಗುವವರೆಗೂ ಮುಂದಿನ ಸುದ್ದಿಯನ್ನು ಹುಡುಕಿಕೊಂಡು ಓಡಾಡಬಹುದಿತ್ತು. 1962ರಲ್ಲಿ ಹಾರಿಬಿಟ್ಟ ಟೆಲ್‌ಸ್ಟಾರ್ ಉಪಗ್ರಹವಂತೂ ಒಂದು ಸುತ್ತಿಗೆ ಸುಮಾರು ಇಪ್ಪತ್ತು ನಿಮಿಷ ಮಾತ್ರ ಅಟ್ಲಾಂಟಿಕ್‌ನ ಎರಡೂ ದಡಗಳಿಗೆ ಏಕಕಾಲಕ್ಕೆ ಕಾಣುತ್ತಿತ್ತು. ಉಳಿದ ಹೊತ್ತು ಯಾರೂ ಯಾರನ್ನೂ ಏನೂ ಕೇಳುವಂತಿರಲಿಲ್ಲ. ಅಂಥ ಸುಸಂಸ್ಕೃತ ಉಪಗ್ರಹವನ್ನು ಏಕೆ ಕೈಬಿಟ್ಟರೋ ತಿಳಿಯದು. ಕೊಲ್ಲಿ ಯುದ್ಧ ಶುರುವಾದ 1991ರ ಜನವರಿಯಲ್ಲಿ ಬಾಗ್ದಾದಿನ ಅಲ್ ರಶೀದ್ ಹೋಟೆಲಿನಿಂದ ಅಮೆರಿಕದ ಸುದ್ದಿ ವಾಹಿನಿ ಸಿಎನ್ಎನ್‌ನ ಬರ್ನಾರ್ಡ್ ಶಾ, ಪೀಟರ್ ಆರ್ನೆಟ್ ಮತ್ತು ಜಾನ್ ಹಾಲಿಮನ್ ಬಾಂಬ್ ದಾಳಿಯನ್ನು ನೇರವಾಗಿ ವರ್ಣಿಸಿದಾಗಲೂ ಹೊರಗೆ ಹೋದದ್ದು ಅವರ ಧ್ವನಿ ಮಾತ್ರ. ಎಲ್ಲರೂ ಅವರ ಧೈರ್ಯವನ್ನು ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಆದರೆ ನನಗೆ ನಿಜವಾದ ಅಸೂಯೆ ಹುಟ್ಟಿಸುವುದು, ಅವರು ಕಿಟಕಿಯಿಂದ ಹೊರಗೆ ನೋಡಿ ಕಂಡದ್ದನ್ನು ಹೇಳಿದರೆಂಬುದು, ಮತ್ತು ಹಾಗೆ ಹೇಳುವಾಗ ಅವರ ಕಾಲರ್ ಸರಿಯಾಗಿದೆಯೇ ಎಂದು ಯಾರಿಗೂ ಕಾಣದಿದ್ದುದು.

ವೇಷಭೂಷಣವೂ ಈ ವೃತ್ತಿಯಲ್ಲಿ ಸಣ್ಣ ವಿಷಯವಲ್ಲ. ಬಿಬಿಸಿಯ ಮಾರ್ಟಿನ್ ಬೆಲ್ ಬಿಳಿಯ ಸೂಟನ್ನು ಅದೃಷ್ಟದ ಉಡುಪೆಂದು ನಂಬಿದ್ದರು. 1992ರಲ್ಲಿ ಯುದ್ಧದ ನಡುವಿದ್ದ ಬೋಸ್ನಿಯಾದ ಸಾರಾಯೆವೊದಲ್ಲಿ ಸಿಡಿಚೂರು ತಗಲಿ ಗಾಯಗೊಂಡರೂ ನಂಬಿಕೆಯನ್ನು ಬಿಡದೆ, 1997ರಲ್ಲಿ ಅದೇ ವೇಷದಲ್ಲಿ ಚುನಾವಣೆಗೆ ನಿಂತು ಸಂಸತ್ತಿಗೂ ಹೋದರು. ಅವರದೇ ಸಂಸ್ಥೆಯ ಜಾನ್ ಸಿಂಪ್ಸನ್, ಆಜಾನುಬಾಹು, 2001ರಲ್ಲಿ ಬುರ್ಖಾ ಧರಿಸಿ ಅಫ್ಘಾನಿಸ್ತಾನದೊಳಗೆ ನುಸುಳಿದ್ದರು. ನನ್ನ ಪಾಲಿಗೆ ಬಂದದ್ದು ನೀಲಿ ಅಂಗಿ ಮತ್ತು ಅಲ್ಯೂಮಿನಿಯಂ ಪೆಟ್ಟಿಗೆ. ಛಾವಣಿಯ ಕಟ್ಟೆ ಎತ್ತರವಾಗಿದ್ದರೆ ಹಿಂದಿನ ನಗರ ಕಾಣಬೇಕೆಂದು ಕ್ಯಾಮೆರಾಮನ್ ನನ್ನನ್ನು ಉಪಕರಣದ ಪೆಟ್ಟಿಗೆಯ ಮೇಲೆ ಹತ್ತಿಸುತ್ತಿದ್ದರು. ಎರಡು ಪಾದ ಹಿಡಿಸುವಷ್ಟೇ ಜಾಗ. ಸ್ಟುಡಿಯೋದವರಿಗೆ ಇದು ಗೊತ್ತಿರದೆ, ‘ಗೋಪುರ ಮರೆಯಾಗುತ್ತಿದೆ, ಸ್ವಲ್ಪ ಎಡಕ್ಕೆ ಬನ್ನಿ’ ಎನ್ನುತ್ತಿದ್ದರು. ಎಡಕ್ಕೆ ಇದ್ದದ್ದು ಗಾಳಿ. ಒಮ್ಮೆ ಬಂದೆ. ಪ್ರತಿನಿಧಿಯೊಂದಿಗಿನ ಸಂಪರ್ಕ ಕಡಿತಗೊಂಡಿದೆ ಎಂದು ನಿರೂಪಕರು ನೋಡುಗರ ಕ್ಷಮೆ ಕೋರಿದರು. ಅದು ಆ ಸಂಜೆಯ ಅತ್ಯಂತ ನಿಖರವಾದ ವರದಿಯಾಗಿತ್ತು.

ಛಾವಣಿಯನ್ನು ತಲುಪುವುದಕ್ಕೆ ಮೊದಲು ಸುಂಕದ ಕಟ್ಟೆ ಇರುತ್ತದೆ. ಉಪಕರಣಗಳನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಒಯ್ಯಲು ಎಟಿಎ ಕಾರ್ನೆಟ್ ಎಂಬ ದಾಖಲೆಯಿದೆ. ಅದರಲ್ಲಿ ಟ್ರೈಪಾಡಿನಿಂದ ಹಿಡಿದು ಚಿಕ್ಕ ಮೈಕಿನವರೆಗೆ ಎಲ್ಲವನ್ನೂ ಬೆಲೆಸಮೇತ ನಮೂದಿಸಿರಬೇಕು, ಒಳಗೆ ಹೋದದ್ದೆಲ್ಲ ಹೊರಗೆ ಬರಬೇಕು. ಒಂದು ಗಡಿಯಲ್ಲಿ ಅಧಿಕಾರಿಯೊಬ್ಬರು ಮೈಕಿಗೆ ಗಾಳಿಯ ಸದ್ದು ತಾಗದಂತೆ ತೊಡಿಸುವ ಬೂದು ಕೂದಲಿನ ಕವಚವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದು ಯಾವ ಪ್ರಾಣಿ ಎಂದು ಕೇಳಿದರು. ಪ್ರಾಣಿಯಲ್ಲ, ಕೃತಕ ಕೂದಲು ಎಂದೆ. ಹಾಗಿದ್ದರೆ ಪಶುವೈದ್ಯರಿಂದ ಹಾಗೆಂದು ಬರೆಸಿ ತನ್ನಿ ಎಂದರು. ನಿಜವಾದ ಕೂದಲು ಸುಟ್ಟು ಬೂದಿಯಾಗುತ್ತದೆ, ಕೃತಕವಾದದ್ದು ಕರಗಿ ಗಂಟಾಗುತ್ತದೆ ಎಂಬ ವಿಜ್ಞಾನವನ್ನು ಬಲ್ಲ ನಮ್ಮ ಕ್ಯಾಮೆರಾಮನ್, ಒಂದು ಎಳೆಯನ್ನು ಕಿತ್ತು ಲೈಟರಿನಿಂದ ಹೊತ್ತಿಸಿ ತೋರಿಸಿದರು. ಸುಂಕದವರಿಗೆ ತೃಪ್ತಿಯಾಯಿತು. ಬೆಂಕಿ ಹಚ್ಚಿದ್ದು ಯಾರೆಂದು ವಿಚಾರಿಸಲು ಬಂದ ಭದ್ರತಾ ಸಿಬ್ಬಂದಿಗೆ ಆಗಲಿಲ್ಲ.

ಛಾವಣಿಯಲ್ಲಿ ನಿಂತವನ ಕಣ್ಣು, ಕಿವಿ, ಕಾಲುಗಳೆಲ್ಲ ವಾಸ್ತವವಾಗಿ ಫಿಕ್ಸರ್ ಎಂಬ ಸ್ಥಳೀಯ ಸಹಾಯಕರು. ಭಾಷೆ ಬಲ್ಲವರು, ದಾರಿ ಬಲ್ಲವರು, ಯಾರ ತಮ್ಮ ಯಾವ ಕಚೇರಿಯಲ್ಲಿದ್ದಾನೆ ಎಂಬುದನ್ನು ಬಲ್ಲವರು, ಆದರೆ ಪರದೆಯ ಮೇಲೆ ಹೆಸರು ಬಾರದವರು. ಒಂದು ಸಂಜೆ ಉತ್ತರದ ಸೇತುವೆ ಮುಚ್ಚಿದೆಯಂತೆ ಎಂದು ಡೆಸ್ಕಿನವರು ತಿಳಿಸಿದರು. ‘ಮುಚ್ಚಲಾಗಿದೆಯೆಂದು ಹೇಳಲಾಗುತ್ತಿದೆ’ ಎಂದು ನಾನು ಪ್ರಸಾರದಲ್ಲಿ ಹೇಳಿ, ಖಚಿತಪಡಿಸಿಕೊಳ್ಳಲು ಫಿಕ್ಸರ್‌ಗೆ ಕೋರಿದೆ. ಅವರು ಸೇತುವೆಯ ಬಳಿಯೇ ವಾಸವಿದ್ದ ತಮ್ಮ ಸೋದರಮಾವನ ಮಗನಿಗೆ ಫೋನು ಮಾಡಿದರು. ಮುಚ್ಚಿರುವುದು ನಿಶ್ಚಯ ಎಂದು ಆತ ಪ್ರಮಾಣ ಮಾಡಿದ. ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ, ಈಗಷ್ಟೇ ಟಿ.ವಿ.ಯಲ್ಲಿ ನೀಲಿ ಅಂಗಿಯ ವಿದೇಶೀಯರೊಬ್ಬರು ಹೇಳಿದರು, ಇಲ್ಲಿನ ವಾಹಿನಿಯವರು ಅನುವಾದಿಸಿ ತೋರಿಸಿದರು ಎಂದ. ಕಿಟಕಿಯಿಂದ ಇಣುಕಿ ನೋಡಪ್ಪ ಎಂದರೆ, ಕಿಟಕಿಯಿಂದ ಸೇತುವೆ ಕಾಣುವುದಿಲ್ಲ, ಟಿ.ವಿ. ಚೆನ್ನಾಗಿ ಕಾಣುತ್ತದೆ ಎಂದ. ಕೊನೆಗೆ ಚಾಲಕರನ್ನೇ ಕಳುಹಿಸಿದೆವು. ಸೇತುವೆ ತೆರೆದೇ ಇತ್ತು. ಮುಚ್ಚಿದೆಯೆಂಬ ಸುದ್ದಿ ಕೇಳಿ ಯಾರೂ ಅತ್ತ ಬಾರದಿದ್ದುದರಿಂದ ಅವರು ಹಿಂದೆಂದೂ ಇಲ್ಲದಷ್ಟು ಬೇಗ ಹೋಗಿ ಬಂದರು.

ಇಷ್ಟೆಲ್ಲ ಮುಗಿಸಿ ಮರಳಿದ ಮೇಲೆ ಲೆಕ್ಕಪತ್ರ ವಿಭಾಗವಿರುತ್ತದೆ. ಯುದ್ಧಭೂಮಿಯಲ್ಲಿ ಬದುಕುಳಿಯುವ ತರಬೇತಿಯನ್ನು ವಾಹಿನಿಗಳು ಕೊಡಿಸುತ್ತವೆ, ಈ ವಿಭಾಗಕ್ಕೆ ಕೊಡಿಸುವುದಿಲ್ಲ. ಪ್ರವಾಹದಲ್ಲಿ ಮುಳುಗಿದ ಊರೊಂದನ್ನು ತಲುಪಲು ದೋಣಿ ಬಾಡಿಗೆ ಹಿಡಿದಿದ್ದೆ. ಅಂಬಿಗ ರಸೀತಿಯ ಬದಲು ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಕೊಟ್ಟಿದ್ದ. ಇತರ ಇಬ್ಬರು ಅಂಬಿಗರಿಂದ ದರಪಟ್ಟಿ ಪಡೆಯದೆ ಇದ್ದುದೇಕೆ ಎಂದು ಲೆಕ್ಕಪತ್ರದವರು ಕೇಳಿದರು. ಅಲ್ಲಿದ್ದದ್ದು ಒಂದೇ ದೋಣಿ ಎಂದು ಬರೆದುಕೊಟ್ಟೆ. ಹೋಗುವ ಬಾಡಿಗೆ ಮಾತ್ರ ಇದೆ, ಬಂದದ್ದು ಹೇಗೆ ಎಂದು ಕೇಳಿದರು. ಸೈನ್ಯದ ಹೆಲಿಕಾಪ್ಟರಿನವರು ಪುಕ್ಕಟೆಯಾಗಿ ಕರೆತಂದರು ಎಂದು ಬರೆದುಕೊಟ್ಟೆ. ಹಾಗಿದ್ದಲ್ಲಿ ಹೋಗುವಾಗಲೂ ಅದರಲ್ಲೇ ಹೋಗದೆ ಸಂಸ್ಥೆಗೆ ವೃಥಾ ವೆಚ್ಚ ಉಂಟುಮಾಡಿದ್ದೇಕೆ ಎಂಬ ಪ್ರಶ್ನೆ ಮರುದಿನ ಬೆಳಿಗ್ಗೆ ಮೇಜಿನ ಮೇಲಿತ್ತು.