ಪ್ರಿಂಟರಿನ ತಂತಿ

ಮೈಸೂರಿನ ಅಗ್ರಹಾರದ ಹಳೆಯ ಮನೆಯೊಂದರಲ್ಲಿ ನಮ್ಮ ಲೆಕ್ಕಪತ್ರದ ಕಚೇರಿ ಇದೆ. ಅಲ್ಲಿ ಅತಿ ಕಷ್ಟದ ಕುರ್ಚಿ ಯಜಮಾನರದಲ್ಲ, ಪ್ರಿಂಟರಿನ ತಂತಿ ಸಿಕ್ಕಿಸಿದ ಕಂಪ್ಯೂಟರಿನದು. ಆ ಕುರ್ಚಿಯವನ ಬೆನ್ನ ಹಿಂದೆ ಸದಾ ಯಾರಾದರೂ ಪೆನ್‌ಡ್ರೈವ್ ಹಿಡಿದು ನಿಂತಿರುತ್ತಿದ್ದರು. ‘ಒಂದೇ ಪುಟ, ಸ್ವಲ್ಪ ಏಳುತ್ತೀರಾ?’ ಎದ್ದವನು ಮರಳಿ ಕೂರುವಷ್ಟರಲ್ಲಿ ಕೂಡಿಸುತ್ತಿದ್ದ ಲೆಕ್ಕ ತಪ್ಪಿರುತ್ತಿತ್ತು.

ವೈಫೈ ಮಾಡಿಸೋಣವೆಂದರೆ ಅಂಗಡಿಯವರು ಹೊಸ ಪ್ರಿಂಟರುಗಳ ಚಿತ್ರ ಕಳುಹಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮದು ಕಪ್ಪು ಬಿಳುಪಿನ ಲೇಸರ್ ಯಂತ್ರ. ದಸರಾ ರಜೆಯೆಂದು ಮುಟ್ಟದೆ ಬಿಟ್ಟರೂ ಅದರೊಳಗೆ ಒಣಗಲು ಶಾಯಿಯೇ ಇಲ್ಲ, ಇರುವುದು ಟೋನರಿನ ಪುಡಿ. ಇಂಥದ್ದನ್ನು ಒಂದು ತಂತಿಯ ದೆಸೆಯಿಂದ ಗುಜರಿಗೆ ಹಾಕುವುದು ಅನ್ಯಾಯ.

ತಿರುಗಿಸಿ ನೋಡಿದರೆ ಚೌಕದ ಯುಎಸ್‌ಬಿ ಕಿಂಡಿಯ ಪಕ್ಕದಲ್ಲಿ ಧೂಳು ಕುಳಿತ ಇನ್ನೊಂದು ಕಿಂಡಿ. ಈಥರ್ನೆಟ್ಟಿನದು, ಅಂದರೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವುದು. ಕೊಂಡ ದಿನದಿಂದ ಅದನ್ನು ಯಾರೂ ಮಾತನಾಡಿಸಿರಲಿಲ್ಲ. ಅಲ್ಲಿಂದ ಕಚೇರಿಗೆ ವೈಫೈ ಹಂಚುವ ರೂಟರಿಗೆ ಒಂದು ಕೇಬಲ್ ಎಳೆದರೆ ಆಯಿತು: ಲ್ಯಾಪ್‌ಟಾಪ್ ಗಾಳಿಯಲ್ಲಿ ರೂಟರಿಗೆ ಹೇಳುತ್ತದೆ, ರೂಟರ್ ತಂತಿಯಲ್ಲಿ ಪ್ರಿಂಟರಿಗೆ ಮುಟ್ಟಿಸುತ್ತದೆ. ತಂತಿ ಬೇಡವೆಂದು ಹೊರಟ ನಾವು ಕೊಂಡು ತಂದದ್ದು ಇನ್ನೊಂದು ತಂತಿ! ಆ ಕಿಂಡಿ ಇಲ್ಲದ ಯಂತ್ರಕ್ಕೆ ಯುಎಸ್‌ಬಿ ಕಿಂಡಿಯನ್ನೇ ರೂಟರಿಗೆ ಜೋಡಿಸಿಕೊಡುವ ಪ್ರಿಂಟ್ ಸರ್ವರ್ ಎಂಬ ಪುಟ್ಟ ಡಬ್ಬಿ ಬೇಕು; ಅದು ಎಲ್ಲ ಮಾದರಿಗಳಿಗೂ ಒಗ್ಗುವುದಿಲ್ಲ, ವಿಚಾರಿಸಿಯೇ ಕೊಳ್ಳಬೇಕು.

ಹಳೆಯ ಮೈಸೂರಿನ ದಪ್ಪ ಗಾರೆ ಗೋಡೆಗಳಿಗೂ ಇದೇ ಲೇಸು. 5 ಗಿಗಾಹರ್ಟ್ಸ್ ವೈಫೈ ಒಂದು ಗೋಡೆಗೇ ಸೊರಗುತ್ತದೆ, 2.4 ಹೇಗೋ ಎರಡನೆಯ ಕೋಣೆ ಮುಟ್ಟುತ್ತದೆ. ಕೇಬಲ್ಲಿಗೆ ಗೋಡೆಯ ಹಂಗಿಲ್ಲ. 100 ಮೀಟರ್‌ವರೆಗೆ ಹೋಗುತ್ತದೆ, ಅಂದರೆ ನಮ್ಮ ಹಿತ್ತಲಿನ ಬಾವಿಯನ್ನೂ ದಾಟಿ.

ಕಾಟ ಕೊಟ್ಟದ್ದು ವಿಳಾಸ. ರೂಟರ್ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ ಹಂಚುತ್ತದೆ, ಸಾಮಾನ್ಯವಾಗಿ 192.168 ಎಂದು ಶುರುವಾಗುವಂಥದ್ದು. ಕರೆಂಟ್ ಹೋಗಿ ಬಂದರೆ ಬೇರೆ ಸಂಖ್ಯೆ ಕೊಟ್ಟರೂ ಕೊಟ್ಟೀತು. ಹೇಳದೆ ಮನೆ ಬದಲಿಸಿದ ಬಾಡಿಗೆದಾರನಂತೆ ಪ್ರಿಂಟರ್ ಎಲ್ಲೋ ಹಾಯಾಗಿರುತ್ತದೆ. ಲ್ಯಾಪ್‌ಟಾಪ್ ಹಳೆಯ ಬಾಗಿಲು ತಟ್ಟಿ ‘ಆಫ್‌ಲೈನ್’ ಎನ್ನುತ್ತದೆ. ರೂಟರಿನ ಸೆಟ್ಟಿಂಗಿನಲ್ಲಿ ಒಂದು ಸಂಖ್ಯೆಯನ್ನು ಪ್ರಿಂಟರಿಗೆಂದೇ ಕಾಯ್ದಿರಿಸಿದ ಮೇಲೆ ಆ ಗೋಳು ತಪ್ಪಿತು.

ಈಗ ಎಲ್ಲರೂ ಕುಳಿತಲ್ಲಿಂದಲೇ ಗುಂಡಿ ಒತ್ತುತ್ತಾರೆ. ಟ್ರೇಯಲ್ಲಿ ಕಾಗದ ಮುಗಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಬರಲಿಲ್ಲವೆಂದು ಮತ್ತೆ ಒತ್ತುತ್ತಾರೆ, ಮತ್ತೂ ಒತ್ತುತ್ತಾರೆ. ಯಾರೋ ಪುಣ್ಯಾತ್ಮರು ಕಾಗದ ತುಂಬಿದೊಡನೆ ಸಾಲಿನಲ್ಲಿ ಕಾದಿದ್ದವೆಲ್ಲ ಒಂದರ ಹಿಂದೊಂದು ಹೊರಬೀಳುತ್ತವೆ. ಮೊನ್ನೆ ಹಾಗೆ ಬಂದ ಬಾಡಿಗೆ ಕರಾರಿನ ಹೆಚ್ಚುವರಿ ಪ್ರತಿಗಳ ಬೆನ್ನಿನ ಮೇಲೆ ಕಚೇರಿಯ ಕಾಫಿ ಲೆಕ್ಕ ಬರೆಯುತ್ತಿದ್ದೇವೆ.