ಮೋಲ್ಡ್ ಹಾಕೋ ಮುಂಚೆ ಪ್ಲಂಬರ್‌ನ ಕರೀರಿ

ನನ್ನ ಮೇಜಿನ ಮೇಲೆ ಒಂದು ಕಾಂಕ್ರೀಟ್ ತುಂಡು ಇದೆ. ಗುಂಡಗಿದೆ. 5 ಇಂಚು ದಪ್ಪ, 9 ಇಂಚು ಉದ್ದ. ಮನೆಗೆ ಬಂದವರು ಒರಳಿನ ಗುಂಡಾ ಅಂತ ಕೇಳುತ್ತಾರೆ. ಅಲ್ಲ, ಅದು ಒಂದು ಬೀಮ್‌ನ ಹೊಟ್ಟೆಯಿಂದ ಬಂದದ್ದು. ಎರಡೂ ತುದಿಯ ಹತ್ತಿರ 8 ಎಂಎಂ ಕಂಬಿ ಕತ್ತರಿಸಿದ ಗುರುತು ಕಾಣುತ್ತದೆ. ಆವತ್ತು ಬೆಳ್ಳಿ ಥರ ಹೊಳೆಯುತ್ತಿತ್ತು. ಈಗ ತುಕ್ಕು ಹಿಡಿದಿದೆ.

ತುಮಕೂರಿನಲ್ಲೇ ಒಂದು ನರ್ಸಿಂಗ್ ಹೋಂ ಕೆಲಸ. ನಾನು ಸೈಟ್ ಎಂಜಿನಿಯರ್. ಮೂರು ಮೋಲ್ಡ್, ಅಂದರೆ ಮೂರು ತಾರಸಿ ಕಾಂಕ್ರೀಟ್, ಮುಗಿದಿತ್ತು. ಗೋಡೆ ಎದ್ದು ಪ್ಲಾಸ್ಟರಿಂಗ್ ಶುರುವಾಗಿತ್ತು. ಆಮೇಲೆ ಪ್ಲಂಬಿಂಗ್‌ನವರಿಗೆ ಕೆಲಸ ಕೊಟ್ಟರು. ಅವರು ಬಂದು ನೋಡಿದರೆ ಟಾಯ್ಲೆಟ್ ಪೈಪು ಡಕ್ಟ್‌ಗೆ, ಅಂದರೆ ಪೈಪುಗಳು ಮೇಲಿಂದ ಕೆಳಗೆ ಇಳಿಯೋ ಕಿಂಡಿಗೆ, ಹೋಗೋ ದಾರಿಯಲ್ಲೇ ಬೀಮ್ ನಿಂತಿದೆ. ಕೆಳಗಿಂದ ಹೋಗೋಣ ಅಂದರೆ ಎಸಿ ಗಾಳಿಯ ಕೊಳವೆ ಅಡ್ಡ. ಸುತ್ತಿ ಬಳಸಿ ಹೋಗೋಣ ಅಂದರೆ ಸ್ಲೋಪ್ ಸಿಗಲ್ಲ. ಕೊನೆಗೆ ಕಾಂಕ್ರೀಟ್‌ನಲ್ಲಿ ಗುಂಡಗೆ ತೂತು ಕೊರೆಯೋ ಕೋರ್ ಕಟಿಂಗ್ ಮೆಷಿನ್ ಬಂತು. ಗುರುತು ಹಾಕಿಕೊಟ್ಟವನು ನಾನೇ.

ಹೊಸ ಗೋಡೆಯ ಮೇಲೆ ಬೂದು ಬಣ್ಣದ ನೀರು ಇಳಿಯುತ್ತಿತ್ತು. ತುಂಡು ಹೊರಗೆ ಬಂದಾಗ ರಾಡ್ ಬೆಂಡಿಂಗ್ ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ನಾನು ಕಟ್ಟಿದ ರಿಂಗ್ ಸಾರ್ ಇದು" ಅಂದರು. ಅಷ್ಟೇ. ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ಅದು ಕಾಲಂ ಹತ್ತಿರದ ಜಾಗ. ಬೀಮನ್ನು ಅಡ್ಡಕ್ಕೆ ಕತ್ತರಿಸೋಕೆ ನೋಡುವ ಬಲ, ಶಿಯರ್ ಅಂತಾರೆ, ಅಲ್ಲೇ ಜಾಸ್ತಿ. ಅದಕ್ಕೇ ಉದ್ದ ಕಂಬಿಗಳನ್ನು ಸುತ್ತುವ ರಿಂಗ್ ಅಲ್ಲಿ ಒತ್ತೊತ್ತಾಗಿ ಕಟ್ಟೋದು. ನಾವು ಹೋಗಿ ಹೋಗಿ ಅಲ್ಲೇ ಕೊರೆದಿದ್ದೆವು. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಬೀಮ್‌ಗೆ ಎರಡೂ ಕಡೆ ಸ್ಟೀಲ್ ಪ್ಲೇಟ್ ಹಾಕಿ ಬಲ ಕೊಟ್ಟಿದ್ದಾಯಿತು. ದುಡ್ಡು ಯಾರು ಕೊಡಬೇಕು ಅಂತ ಎರಡು ತಿಂಗಳು ಪತ್ರ ಓಡಾಡಿದವು.

ಆ ಜಗಳದಲ್ಲಿ ನನಗೆ ಅರ್ಥವಾದ ಒಂದು ವಿಷಯ ಏನು ಅಂದರೆ, ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಆರ್ಕಿಟೆಕ್ಟ್ ಡ್ರಾಯಿಂಗ್ ಸರಿ ಇತ್ತು. ಸ್ಟ್ರಕ್ಚರಲ್ ಡ್ರಾಯಿಂಗ್ ಸರಿ ಇತ್ತು. ಪ್ಲಂಬಿಂಗ್ ಡ್ರಾಯಿಂಗೂ ಸರಿ ಇತ್ತು. ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡಿದವರು ಯಾರೂ ಇರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ. ಎತ್ತಿನದೂ ತಪ್ಪಿಲ್ಲ, ಕೋಣದ್ದೂ ತಪ್ಪಿಲ್ಲ. ಒಂದೇ ನೊಗಕ್ಕೆ ಕಟ್ಟಿದವರು ಯೋಚನೆ ಮಾಡಬೇಕಿತ್ತು.

ಈಗ ಎಲ್ಲ ಕಡೆ ಬಿಮ್, ಬಿಮ್ ಅಂತ ಕೇಳಿಬರುತ್ತಿದೆ. ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್. ತುಂಬಾ ಜನ ಇದನ್ನು ತ್ರೀಡಿ ಚಿತ್ರ ಅಂದುಕೊಂಡಿದ್ದಾರೆ. ಮಾಲೀಕರಿಗೆ ತೋರಿಸೋಕೆ ಮಾಡಿಸುವ, ಮುಂದೆ ಎರಡು ಕಾರು ನಿಂತಿರುವ ಆ ಚಂದದ ಎಲಿವೇಷನ್ ಬೇರೆ, ಇದು ಬೇರೆ. ಇದರಲ್ಲಿ ಬೀಮ್‌ಗೆ ತಾನು ಬೀಮ್ ಅಂತ ಗೊತ್ತಿರುತ್ತದೆ. ಅದರ ಅಳತೆ, ಅದರ ಮಟ್ಟ, ಎಂ25 ಕಾಂಕ್ರೀಟಾ ಎಂ30 ಕಾಂಕ್ರೀಟಾ, ಎಲ್ಲ ಅದರ ಜೊತೆಗೇ ಇರುತ್ತದೆ. ಗೋಡೆ ಒಂದು ಕಡೆ ಜರುಗಿಸಿದರೆ ಪ್ಲಾನ್, ಸೆಕ್ಷನ್, ಇಟ್ಟಿಗೆ ಲೆಕ್ಕ ಎಲ್ಲ ಒಟ್ಟಿಗೆ ಬದಲಾಗುತ್ತದೆ. ಅಮೆರಿಕದಲ್ಲಿ ಚಕ್ ಈಸ್ಟ್‌ಮನ್ ಅನ್ನುವವರು 1970ರ ದಶಕದಲ್ಲೇ ಇಂಥದ್ದು ಸಾಧ್ಯ ಅಂತ ಬರೆದಿದ್ದರು. ಪೈಪ್ ಬೀಮ್‌ಗೆ ಹೊಡೆಯುತ್ತಿದ್ದರೆ ಕಂಪ್ಯೂಟರ್ ಅದನ್ನು ಹುಡುಕಿ ಕೆಂಪಗೆ ತೋರಿಸುತ್ತದೆ. ಕ್ಲ್ಯಾಶ್ ಅಂತಾರೆ. ಕೆಲಸ ಯಾವತ್ತು ಅನ್ನೋದನ್ನು ಸೇರಿಸಿದರೆ 4ಡಿ, ದುಡ್ಡು ಎಷ್ಟು ಅನ್ನೋದನ್ನು ಸೇರಿಸಿದರೆ 5ಡಿ. ನಾಗ್ಪುರ ಮೆಟ್ರೋದವರು ಈ 5ಡಿ ಇಟ್ಟುಕೊಂಡೇ ಕೆಲಸ ಮಾಡಿದರು. ಬ್ರಿಟನ್‌ನಲ್ಲಿ 2016ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರದ ಕಟ್ಟಡ ಕೆಲಸಗಳಿಗೆ ಬಿಮ್ ಕಡ್ಡಾಯ ಮಾಡಿದರು.

ಆವತ್ತು ನಮ್ಮ ನರ್ಸಿಂಗ್ ಹೋಂಗೆ ಮಾಡೆಲ್ ಇದ್ದಿದ್ದರೆ ಆ ತೂತು ಬೀಳುತ್ತಿರಲಿಲ್ಲ ಅಂತ ನಾನು ಬಹಳ ದಿನ ನಂಬಿದ್ದೆ. ಆಮೇಲೆ ಬೆಂಗಳೂರಿನ ಒಂದು ದೊಡ್ಡ ಸೈಟಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಮಾಡೆಲ್ ಇತ್ತು. ಎಂಥ ಮಾಡೆಲ್ ಅಂತೀರಿ! ಪೈಪಿನ ಕ್ಲಾಂಪ್ ಕೂಡ ಕಾಣುತ್ತಿತ್ತು. ಆದರೆ ಗುತ್ತಿಗೆ ಕಾಗದದಲ್ಲಿ "ಮಾಡೆಲ್ ಮಾಹಿತಿಗೆ ಮಾತ್ರ" ಅಂತ ಬರೆದಿತ್ತು. ಕೆಲಸ ನಡೆಯಬೇಕಾದ್ದು ಪ್ರಿಂಟ್ ನೋಡಿ. ಆ ಪ್ರಿಂಟ್ ಸೈಟಿಗೆ ಬರುವ ಹೊತ್ತಿಗೆ ಮೂರು ವಾರ ಹಳೇದು. ಪ್ರತಿ ವಾರ ನೂರಾರು ಕ್ಲ್ಯಾಶ್ ಪಟ್ಟಿ ಮೇಲ್‌ನಲ್ಲಿ ಬರುತ್ತಿತ್ತು. ಯಾವುದು ಯಾರು ಸರಿ ಮಾಡಬೇಕು ಅಂತ ಅದರಲ್ಲಿ ಇರುತ್ತಿರಲಿಲ್ಲ. ಅಲ್ಲೂ ಕೋರ್ ಕಟಿಂಗ್ ಮೆಷಿನ್ ಬಂತು.

ಯಾವ ಡ್ರಾಯಿಂಗ್ ಇನ್ನೂ ಕರಡು, ಯಾವುದು ಉಳಿದವರು ನೋಡೋಕೆ, ಯಾವುದು ಕೆಲಸಕ್ಕೆ, ಯಾವುದು ಹಳೇದು ಅಂತ ಒಂದೇ ಜಾಗದಲ್ಲಿ ನಾಲ್ಕು ಭಾಗ ಮಾಡಿ ಇಡಿ ಅಂತ 2018ರಲ್ಲಿ ಬಂದ ಐಎಸ್ಒ 19650 ಅನ್ನುವ ಅಂತಾರಾಷ್ಟ್ರೀಯ ಮಾನದಂಡ ಹೇಳುತ್ತದೆ. ಒಳ್ಳೇ ಮಾತು. ಆದರೆ ಮನಸ್ಸು ಬಿಚ್ಚಿ ಹಂಚಿಕೊಂಡರೆ ನನಗೇ ನಷ್ಟ ಅನ್ನೋ ಹಾಗೆ ಒಪ್ಪಂದ ಇದ್ದರೆ, ಜಾಗ ಎಷ್ಟು ಅಚ್ಚುಕಟ್ಟಾಗಿದ್ದರೆ ಏನು? ಪೈಪ್ ಬೀಮ್‌ಗೆ ಹೊಡೆಯುತ್ತೆ ಅಂತ ಗುತ್ತಿಗೆದಾರನಿಗೆ ಮೊದಲೇ ಗೊತ್ತಾದರೂ ಅವನು ಯಾಕೆ ಬಾಯಿ ಬಿಡಬೇಕು? ಸುಮ್ನೆ ಇದ್ದರೆ ನಾಳೆ ಎಕ್ಸ್‌ಟ್ರಾ ಐಟಂ ಬಿಲ್ಲು. ಬಾಯಿ ಬಿಟ್ಟರೆ ಇವತ್ತು ಕೆಲಸ ನಿಲ್ಲುತ್ತದೆ. ಟೆಂಡರ್‌ನಲ್ಲಿ ರೇಟು ಕೆಳಗೆ ಇಳಿಸಿ ಇಳಿಸಿ ಬಂದವನಿಗೆ ಆ ಎಕ್ಸ್‌ಟ್ರಾದಲ್ಲೇ ಲಾಭ ಇರೋದು. ನಾನು ಅವರನ್ನು ಬೈಯುತ್ತಿಲ್ಲ. ಅವರ ಜಾಗದಲ್ಲಿ ಇದ್ದರೆ ನಾನೂ ಅದೇ ಮಾಡುತ್ತಿದ್ದೆನೋ ಏನೋ.

ನಮ್ಮ ತಾತನಿಗೆ ಗುಬ್ಬಿ ಕಡೆ ಸ್ವಲ್ಪ ಜಮೀನಿತ್ತು. ಆಗ ಜಮೀನು ಬಿಡೋದಕ್ಕೆ ಎರಡು ದಾರಿ ಇತ್ತು ಅಂತ ಹೇಳುತ್ತಿದ್ದರು. ಒಂದು ಗುತ್ತಿಗೆ. ಮಳೆ ಬರಲಿ ಬಿಡಲಿ, ಇಷ್ಟು ಪಲ್ಲ ರಾಗಿ ಅಳೆದುಬಿಡಬೇಕು. ಇನ್ನೊಂದು ವಾರ. ಬೆಳೆದದ್ದರಲ್ಲಿ ಇಬ್ಬರಿಗೂ ಪಾಲು. ಚೆನ್ನಾಗಿ ಬೆಳೆದರೆ ಇಬ್ಬರ ಕಣಜವೂ ತುಂಬಿತು, ಮಳೆ ಹೋದರೆ ಇಬ್ಬರೂ ಹಸಿದರು. ವಾರದಲ್ಲೂ ಅನ್ಯಾಯಗಳು ನಡೆದಿವೆ, ಇಲ್ಲ ಅನ್ನಲ್ಲ. ಆದರೆ ವಾರಕ್ಕೆ ಬಿಟ್ಟ ಹೊಲಕ್ಕೆ ಜಮೀನಿನವರೂ ಹೋಗಿ ಕಳೆ ನೋಡುತ್ತಿದ್ದರಂತೆ. ಗುತ್ತಿಗೆಗೆ ಬಿಟ್ಟ ಮೇಲೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ನಮ್ಮ ಕಟ್ಟಡದ ಕೆಲಸಕ್ಕೆ ನಾವು ಇಟ್ಟುಕೊಂಡ ಹೆಸರೇ ಗುತ್ತಿಗೆ ನೋಡಿ.

ವಾರದ ಥರದ ಒಪ್ಪಂದ ದೊಡ್ಡ ಕಟ್ಟಡಗಳಲ್ಲಿ ನಡೆದಿದೆ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ 5ನೇ ಟರ್ಮಿನಲ್ 430 ಕೋಟಿ ಪೌಂಡ್ ಕೆಲಸ. ಮಾಲೀಕರಾದ ಬಿಎಎ ಮೊದಲೇ ಹೇಳಿಬಿಟ್ಟರು: ರಿಸ್ಕ್ ನಮ್ಮದು. ನಿಮಗೆ ಆದ ಖರ್ಚು ಕೊಡುತ್ತೇವೆ, ಲಾಭವನ್ನೂ ಕೊಡುತ್ತೇವೆ. ತಪ್ಪು ಯಾರದು ಅಂತ ಹುಡುಕೋದು ಬಿಡಿ, ಸರಿ ಹೇಗೆ ಮಾಡೋದು ಅಂತ ಒಟ್ಟಿಗೆ ಕೂರಿ. ಆ ದೊಡ್ಡ ಛಾವಣಿಯ ಒಂದು ಭಾಗವನ್ನು ಮೊದಲು ಯಾರ್ಕ್‌ಶೈರ್‌ನಲ್ಲಿ ನಿಲ್ಲಿಸಿ ನೋಡಿ, ತಪ್ಪುಗಳನ್ನು ಅಲ್ಲೇ ಕಲಿತು, ಆಮೇಲೆ ಲಂಡನ್‌ನಲ್ಲಿ ಎತ್ತಿದರು. 2008ರ ಮಾರ್ಚ್‌ನಲ್ಲಿ ಹೇಳಿದ ದಿನಕ್ಕೆ ತೆರೆದರು. ಮೊದಲ ದಿನವೇ ಪ್ರಯಾಣಿಕರ ಲಗೇಜು ಸಿಕ್ಕಿಹಾಕಿಕೊಂಡು ದೊಡ್ಡ ರಂಪ ಆಯಿತು, ಅದನ್ನೂ ಹೇಳಬೇಕು. ಕಟ್ಟುವವರ ನಡುವೆ ಇದ್ದ ಒಗ್ಗಟ್ಟು ನಡೆಸುವವರ ತನಕ ತಲುಪಿರಲಿಲ್ಲ.

ನನಗೆ ಇನ್ನೂ ಹತ್ತಿರ ಅನ್ನಿಸೋದು ಕ್ಯಾಲಿಫೋರ್ನಿಯಾದ ಕ್ಯಾಸ್ಟ್ರೊ ವ್ಯಾಲಿಯ ಆಸ್ಪತ್ರೆ. ಸಟರ್ ಹೆಲ್ತ್ ಅನ್ನುವ ಸಂಸ್ಥೆಯದು, 130 ಹಾಸಿಗೆ, 2012ರಲ್ಲಿ ಮುಗಿದದ್ದು. ಮಾಲೀಕರು, ಆರ್ಕಿಟೆಕ್ಟ್, ಗುತ್ತಿಗೆದಾರರು, ಪ್ಲಂಬಿಂಗ್, ಎಲೆಕ್ಟ್ರಿಕಲ್ ಎಲ್ಲ ಸೇರಿ 11 ಪಾರ್ಟಿಗಳು ಒಂದೇ ಒಪ್ಪಂದಕ್ಕೆ ಸಹಿ ಹಾಕಿದರು. ಎಲ್ಲರೂ ತಮ್ಮ ಲಾಭವನ್ನು ಒಂದೇ ಗಂಟಿಗೆ ಹಾಕಿದರು. ಕೆಲಸ ಕೆಟ್ಟರೆ ಎಲ್ಲರ ಗಂಟೂ ಕರಗುತ್ತದೆ. ಇದನ್ನು ಇಂಟಿಗ್ರೇಟೆಡ್ ಪ್ರಾಜೆಕ್ಟ್ ಡೆಲಿವರಿ ಅಂತಾರೆ. ಪ್ಲಂಬರ್ ಸಹಿಯೂ ಆರ್ಕಿಟೆಕ್ಟ್ ಸಹಿಯೂ ಒಂದೇ ಕಾಗದದ ಮೇಲೆ! ಅದನ್ನು ಓದಿದ ರಾತ್ರಿ ನನಗೆ ಮೇಸ್ತ್ರಿ ಕೈಯಲ್ಲಿದ್ದ ಆ ತುಂಡೇ ಕಣ್ಮುಂದೆ ಬಂತು.

ನಮ್ಮಲ್ಲಿ ಸರ್ಕಾರಿ ಕೆಲಸ ಅಂದರೆ ಕಡಿಮೆ ರೇಟು ಹಾಕಿದವರಿಗೆ. ಅದಕ್ಕೆ ಕಾರಣವೂ ಇದೆ. ಬೇಕಾದವರಿಗೆ ಕೊಡಬಾರದು ಅಂತಲೇ ಕರ್ನಾಟಕದಲ್ಲಿ 1999ರ ಪಾರದರ್ಶಕ ಕಾಯ್ದೆ ಬಂದದ್ದು. ಅದನ್ನು ಕಿತ್ತುಹಾಕಿ ಅಂತ ನಾನು ಹೇಳಲ್ಲ. ಆದರೆ ಕೇಂದ್ರದ ಹಣಕಾಸು ಇಲಾಖೆಯೇ 2021ರ ಅಕ್ಟೋಬರ್‌ನಲ್ಲಿ ಸ್ವಲ್ಪ ಬಾಗಿಲು ತೆರೆದಿದೆ. ಗುಣಮಟ್ಟ ಮುಖ್ಯ ಅಂತ ತೀರ್ಮಾನಿಸಿದ ಕೆಲಸಗಳಲ್ಲಿ ರೇಟು ಬಿಟ್ಟು ಉಳಿದ ಯೋಗ್ಯತೆಗೆ ನೂರಕ್ಕೆ 30 ಅಂಕದವರೆಗೆ ಕೊಡಬಹುದು ಅಂತ. ಆ 30ರಲ್ಲಿ ಮಾಡೆಲ್‌ಗೂ ಜಾಗ ಕೊಡಲಿ. ಪ್ಲಂಬಿಂಗ್, ಎಲೆಕ್ಟ್ರಿಕಲ್‌ನವರನ್ನು ಮೊದಲೇ ಕೂರಿಸುತ್ತೇನೆ ಅನ್ನುವ ಮಾತಿಗೂ ಜಾಗ ಕೊಡಲಿ.

ಅಷ್ಟು ದೊಡ್ಡವರ ಮಾತು ನಮಗೆ ಯಾಕೆ ಅಂತ ಕೇಳಬಹುದು. ಈಗ ನಾನು ಬಟವಾಡಿ ಹತ್ತಿರ ಒಂದು ಹಾಸ್ಟೆಲ್ ಕಟ್ಟಿಸುತ್ತಿದ್ದೇನೆ. ಗ್ರೌಂಡ್ ಪ್ಲಸ್ ಎರಡು. ಮಾಲೀಕರು ನಿವೃತ್ತ ಮೇಷ್ಟ್ರು. ಅವರಿಗೆ ಆ ಕಾಂಕ್ರೀಟ್ ತುಂಡು ತೋರಿಸಿ ಕಥೆ ಹೇಳಿದೆ. "ಸರಿಯಪ್ಪ, ಏನು ಮಾಡಬೇಕು ಹೇಳು" ಅಂದರು. ಛಾಪಾ ಕಾಗದದ ಮೇಲೆ ಕನ್ನಡದಲ್ಲೇ ಎರಡು ಪುಟ ಬರೆದೆವು. ಪ್ಲಂಬರ್, ಎಲೆಕ್ಟ್ರಿಷಿಯನ್ ಪಾಯ ತೆಗೆಯುವ ಮುಂಚೆಯೇ ಬರಬೇಕು, ಬಂದ ದಿನಕ್ಕೆ ಸಂಬಳ. ಒಡೆದು ಕಟ್ಟೋದು ಬಂದರೆ ಖರ್ಚು ಎಲ್ಲರಿಗೂ ಪಾಲು. ಅಂದಾಜಿಗಿಂತ ಉಳಿದ ದುಡ್ಡಿನಲ್ಲಿ ಅರ್ಧ ಮೇಷ್ಟ್ರಿಗೆ, ಅರ್ಧ ನಮಗೆಲ್ಲ.

ಮಾಡೆಲ್ ಮಾಡಿದ್ದು ನನ್ನ ತಂಗಿ ಮಗ. ಬೆಂಗಳೂರಿನಲ್ಲಿ ಕೂತು ಅಮೆರಿಕದ, ಆಸ್ಟ್ರೇಲಿಯಾದ ಆಸ್ಪತ್ರೆಗಳ ಮಾಡೆಲ್ ಮಾಡುವ ಕೆಲಸ ಅವನದು. ಶನಿವಾರ ಮನೆಗೆ ಬಂದಾಗ ಇದನ್ನು ಮಾಡಿದ. ನಮ್ಮೂರಿನಲ್ಲಿ ಎಂಜಿನಿಯರಿಂಗ್ ಓದಿ ಈ ಕೆಲಸಕ್ಕೆ ಹೋದ ಹುಡುಗ ಹುಡುಗಿಯರು ಎಷ್ಟೋ ಜನ ಇದ್ದಾರೆ. ಎಲ್ಲೋ ದೂರದ ಊರಿನ ಆಸ್ಪತ್ರೆಯ ಒಂದೊಂದು ಪೈಪೂ ಇವರ ಕೈಯಲ್ಲಿ ಮೊದಲು ಹುಟ್ಟುತ್ತದೆ. ಅವರು ಹುಟ್ಟಿದ ಬೀದಿಯ ಕಟ್ಟಡ ಮಾತ್ರ ಮಡಚಿ ಮಡಚಿ ಹರಿದ ಪ್ರಿಂಟ್ ನೋಡಿ ಏಳುತ್ತದೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ಸಾಫ್ಟ್‌ವೇರ್ ದುಬಾರಿ ಅನ್ನಬೇಡಿ. ಮಾಡೆಲ್ ಮಾಡೋಕೆ ತುಂಬಾ ಜನ ಬಳಸುವ ರೆವಿಟ್ ದುಬಾರಿ, ಹೌದು. ಆದರೆ ಫ್ರೀಕ್ಯಾಡ್ ಬಿಟ್ಟಿ. ಬ್ಲೆಂಡರ್ ಬಿಟ್ಟಿ, ಅದಕ್ಕೆ ಹಾಕುವ ಬೊನ್ಸಾಯ್ ಕೂಡ ಬಿಟ್ಟಿ. ಐಎಫ್‌ಸಿ ಅನ್ನುವ, ಎಲ್ಲರಿಗೂ ಮುಕ್ತವಾದ ನಮೂನೆಯಲ್ಲಿ ಫೈಲ್ ಮಾಡಿಕೊಟ್ಟರೆ ಯಾರು ಯಾವುದರಲ್ಲಿ ಬೇಕಾದರೂ ತೆರೆದು ನೋಡಬಹುದು.

ಮೊದಲ ಶನಿವಾರ ಸೈಟ್ ಶೆಡ್‌ನಲ್ಲಿ ಲ್ಯಾಪ್‌ಟಾಪ್ ಇಟ್ಟು ಕೂತೆವು. ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿದ್ದೆ. ನರ್ಸಿಂಗ್ ಹೋಂನ ಅದೇ ರಾಡ್ ಬೆಂಡಿಂಗ್ ಮೇಸ್ತ್ರಿಯನ್ನು ಹುಡುಕಿ ಕರೆಸಿದ್ದೆ. ತಂಗಿ ಮಗ ಕ್ಲ್ಯಾಶ್ ಚೆಕ್ ಹಾಕಿದ. ಒಂದೂ ಇಲ್ಲ. ಎಲ್ಲ ಹಸಿರು. ಪ್ಲಂಬರ್ ಕೈ ಒರೆಸಿಕೊಂಡು ಪರದೆ ಹತ್ತಿರ ಬಂದರು. ಬೆರಳು ಇಟ್ಟರು.

"ಸಾರ್, ಇಲ್ಲಿಂದ ಡಕ್ಟ್‌ಗೆ 40 ಅಡಿ. 60ಕ್ಕೆ 1 ಅಂದ್ರೂ 8 ಇಂಚು ಇಳೀಬೇಕು. ಪೈಪೇ 4 ಇಂಚು ಐತೆ. ನಿಮ್ಮ ಸಂಕನ್ ಸ್ಲ್ಯಾಬ್ ಬರೀ 9 ಇಂಚು. ಎಲ್ಲಿ ಕೂರ್ತದೆ ಇದು?"

ಸಂಕನ್ ಸ್ಲ್ಯಾಬ್ ಅಂದರೆ ಪೈಪು ಕೂರಲಿ ಅಂತ ಬಾತ್‌ರೂಮ್ ಕೆಳಗೆ ತಗ್ಗಿಸಿ ಹಾಕುವ ಸ್ಲ್ಯಾಬ್. ಹುಡುಗ ಪೈಪನ್ನು ಮಟ್ಟಸವಾಗಿ ಎಳೆದಿದ್ದ. ಅದಕ್ಕೇ ಕಂಪ್ಯೂಟರ್‌ಗೆ ಎಲ್ಲ ಸರಿ ಕಂಡಿತ್ತು. ಮಾಡೆಲ್ ಗೊತ್ತಿದ್ದವನಿಗೆ ಪೈಪ್ ಗೊತ್ತಿರಲಿಲ್ಲ, ಪೈಪ್ ಗೊತ್ತಿದ್ದವರಿಗೆ ಈ ತನಕ ಯಾರೂ ಮಾಡೆಲ್ ತೋರಿಸಿರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಬಾತ್‌ರೂಮ್ ಸಾಲನ್ನು ತಿರುಗಿಸಿ ಡಕ್ಟ್ ಹತ್ತಿರ ತಂದೆವು. 40 ಅಡಿ ಇದ್ದದ್ದು 15 ಅಡಿ ಆಯಿತು. ಮೇಷ್ಟ್ರು ಪಕ್ಕದಲ್ಲೇ ಕೂತಿದ್ದರಿಂದ ಒಪ್ಪಿಗೆ ಅಲ್ಲೇ ಸಿಕ್ಕಿತು. ಮೇಸ್ತ್ರಿ ಕೇಳಿದ್ದು ಒಂದೇ ಮಾತು: "ಬೀಮ್‌ನಲ್ಲಿ ತೂತು ಎಲ್ಲೆಲ್ಲಿ ಬರ್ತದೆ ಈಗಲೇ ಹೇಳಿಬಿಡಿ ಸಾರ್, ಸ್ಲೀವ್ ಇಟ್ಟೇ ಕಟ್ತೀನಿ." ಸ್ಲೀವ್ ಅಂದರೆ ಪೈಪ್ ಹೋಗೋಕೆ ಕಾಂಕ್ರೀಟ್ ಹಾಕುವ ಮುಂಚೆಯೇ ಇಡುವ ಕೊಳವೆ. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಆ ಜಾಗಗಳನ್ನು ಕಳಿಸಿದೆವು. ಎರಡನ್ನು ಜರುಗಿಸಿ ಅಂದರು, ಉಳಿದವಕ್ಕೆ ಸುತ್ತ ಕಂಬಿ ಸೇರಿಸಿಕೊಟ್ಟರು.

ನಾಳೆ ಎರಡನೇ ಮೋಲ್ಡ್. ಈಗ ಸೈಟಿನಿಂದಲೇ ಬಂದೆ. ಟಾರ್ಚ್ ಹಿಡಿದು ಸೆಂಟ್ರಿಂಗ್ ಮೇಲೆ ಓಡಾಡಿ ಎಣಿಸಿದೆ. 14 ಸ್ಲೀವ್. ಕಾಂಕ್ರೀಟ್ ಒಳಗೆ ಹೋಗದ ಹಾಗೆ ಮೇಸ್ತ್ರಿ ಪ್ರತಿಯೊಂದರ ಬಾಯಿಗೂ ಸಿಮೆಂಟ್ ಚೀಲದ ಕಾಗದ ಮಡಚಿ ತುರುಕಿದ್ದಾರೆ. ಮಿಕ್ಸರ್ 6 ಗಂಟೆಗೆ ಬರುತ್ತದೆ. ಪ್ಲಂಬರ್ ಐದೂವರೆಗೇ ಬರುತ್ತೇನೆ ಅಂದಿದ್ದಾರೆ, ಇನ್ನೊಂದು ಸಲ ಎಣಿಸೋಕೆ.